ಇಪ್ಪತ್ತೆಂಟನೆಯ ಕಂತಿನಲ್ಲಿ ಮಹಾರಾಣಿ ಬಾಯಿಬಿಟ್ಟಳು

ಬರೆಯುವವನ ಕಷ್ಟ ಓದುವವನಿಗೆ ಗೊತ್ತಾಗುವುದಿಲ್ಲ ಎನ್ನುತ್ತಾರೆ. ನನ್ನ ವಿಷಯದಲ್ಲಿ ಓದುವವನೇ ಇರಲಿಲ್ಲವಾದ್ದರಿಂದ ಆ ಕಷ್ಟವನ್ನು ನಾನೊಬ್ಬನೇ ಪೂರ್ತಿಯಾಗಿ ಅನುಭವಿಸಬೇಕಾಯಿತು.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಪಠ್ಯಪುಸ್ತಕ, ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿ, ಲಿಫ್ಟಿನಲ್ಲಿ ಅಂಟಿಸುವ ಸೂಚನೆ, ಎಲ್ಲವೂ ನನ್ನ ಕೆಂಪು ಪೆನ್ನಿನ ಕೆಳಗೆ ನುಸುಳಿಯೇ ಹೊರಗೆ ಹೋಗಬೇಕು. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪು ತಿದ್ದಿದವನಿಗೆ ಒಂದು ದಿನ ಸ್ವಂತದ್ದೊಂದಿಷ್ಟು ತಪ್ಪು ಮಾಡೋಣ ಎನಿಸುವುದು ಸಹಜ. ಮೊಬೈಲಿನಲ್ಲಿ ಕಥೆಗಳನ್ನು ಕಂತುಕಂತಾಗಿ ಹಾಕುವ ಬರಹಗಾರರ ಬಳಗವೊಂದನ್ನು ಸೇರಿ, 'ಲೇಖನೀವೀರ' ಎಂಬ ಕಾವ್ಯನಾಮವನ್ನು ಧರಿಸಿ, 'ಮೂಕವೇದನೆಯ ಮಹಾರಾಣಿ' ಎಂಬ ಐತಿಹಾಸಿಕ ಧಾರಾವಾಹಿಯನ್ನು ಲೋಕಾರ್ಪಣೆ ಮಾಡಿಯೇಬಿಟ್ಟೆ. (ಯಾವ ಕಾಲದ ಇತಿಹಾಸ ಎಂದು ಕೇಳಬೇಡಿ. ಕೇಳುವವರು ಇಲ್ಲದ್ದರಿಂದ ನಾನೂ ಯೋಚಿಸಿರಲಿಲ್ಲ.)

ನನ್ನ ಮಹಾರಾಣಿ ಇಪ್ಪತ್ತೇಳು ಕಂತುಗಳಲ್ಲಿ ಒಂದೇ ಒಂದು ಮಾತನ್ನೂ ಆಡಲಿಲ್ಲ. ಕಿಟಕಿಯ ಬಳಿ ನಿಂತು ಅತ್ತಳು, ಕಂಬಕ್ಕೆ ಒರಗಿ ಅತ್ತಳು, ಒಂದು ಕಂತಿನಲ್ಲಿ ಬದಲಾವಣೆಗೆಂದು ಕುಳಿತುಕೊಂಡು ಅತ್ತಳು. ಮಾತೆಲ್ಲ ರಾಜನದು. ಆತ ಒಮ್ಮೆ ಬಾಯಿ ತೆರೆದರೆ ಎರಡು ಕಂತು ಮುಚ್ಚುತ್ತಿರಲಿಲ್ಲ. ಮನೆಯಲ್ಲಿ ಸಿಗದ ಅವಕಾಶವನ್ನು ಮನುಷ್ಯ ಸಾಹಿತ್ಯದಲ್ಲಿ ಹುಡುಕಿಕೊಳ್ಳುತ್ತಾನೆ.

ಓದುಗರು ಹನ್ನೊಂದು ಮಂದಿ. ಅವರಲ್ಲಿ ಒಬ್ಬರು ಪ್ರತಿ ಕಂತಿನ ಕೆಳಗೂ 'ಸೂಪರ್, ನನ್ನ ಕಥೆಯನ್ನೂ ಓದಿ' ಎಂದು ಬರೆಯುತ್ತಿದ್ದರು. ಉಳಿದ ಹತ್ತು ಜನ ಬೆರಳು ಜಾರಿ ಒಳಗೆ ಬಂದವರು. ಆ ಬಳಗದಲ್ಲೊಂದು ನಿಯಮವಿತ್ತು. ಮೂವತ್ತನೆಯ ಕಂತಿನ ಹೊತ್ತಿಗೆ ಐನೂರು ಓದುಗರನ್ನು ಗಳಿಸಿದವರ ಹೆಸರಿನ ಪಕ್ಕ ಪುಟ್ಟದೊಂದು ಚಿನ್ನದ ಲೇಖನಿ ಮೂಡುತ್ತದೆ. ಗಳಿಸದಿದ್ದವರ ಕಥೆ 'ಇತರೆ' ಎಂಬ ವಿಭಾಗಕ್ಕೆ ಹೋಗುತ್ತದೆ. ಅಲ್ಲಿಗೆ ಹೋದ ಕಥೆ ಹಿಂದಿರುಗಿದ ಉದಾಹರಣೆಯಿಲ್ಲ. ಆ ಲೇಖನಿ ನನಗೆ ಬೇಕಿತ್ತು. ತಮಾಷೆಯಲ್ಲ, ನಿಜಕ್ಕೂ ಬೇಕಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಹೆಸರು ಅಚ್ಚಾದದ್ದು ಒಂದೇ ಸಲ, ಮುದ್ರಣಾಲಯದ ದೂರವಾಣಿ ಪಟ್ಟಿಯಲ್ಲಿ. ಅದೂ ತಪ್ಪಾಗಿ ಅಚ್ಚಾಗಿತ್ತು, ಆ ದಿನ ನಾನು ರಜೆಯಲ್ಲಿದ್ದೆ.

ಇನ್ನು ನನ್ನ ಹೆಂಡತಿಯ ವಿಷಯ. ಅವಳು ಸಿಟಿ ಬಸ್ಸಿನ ಕಂಡಕ್ಟರ್. ಮುಂಬಾಗಿಲಲ್ಲಿ ನಿಂತು ಕೂಗಿದರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವನು ಎದ್ದು ಇಳಿದುಹೋಗುತ್ತಾನೆ, ಅವನ ಸ್ಟಾಪ್ ಅಲ್ಲದಿದ್ದರೂ. ಅವಳು 'ರೈಟ್' ಎನ್ನದೆ ಬಸ್ಸು ಹೊರಡುವುದಿಲ್ಲ, ಮನೆಯೂ ಹೊರಡುವುದಿಲ್ಲ. ನಮ್ಮಿಬ್ಬರ ಸಂಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ನಾನು ರೈಟರ್, ಅವಳು ರೈಟ್.

ದಿನವಿಡೀ ಅಕ್ಷರ ನೋಡಿ ನೋಡಿ ಕಣ್ಣು ಸೋತಿರುತ್ತಿದ್ದುದರಿಂದ ಮನೆಯಲ್ಲಿ ಒಂದಕ್ಷರವನ್ನೂ ಓದುವುದಿಲ್ಲವೆಂದು ವ್ರತ ತೊಟ್ಟಿದ್ದೆ. ಕಂತುಗಳನ್ನು ಮೊಬೈಲಿಗೆ ಬಾಯಲ್ಲಿ ಹೇಳುತ್ತಿದ್ದೆ, ಅದು ಬರೆದುಕೊಳ್ಳುತ್ತಿತ್ತು, ನಾನು ತಿರುಗಿ ನೋಡದೆ ಬಳಗಕ್ಕೆ ಹಾಕುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಪೂರ್ತಿ ಕರೆಂಟೇ ಹೋಗಿತ್ತು.

ಇಪ್ಪತ್ತೆಂಟನೆಯ ಕಂತನ್ನು ಹಾಗೆ ಹಾಕಿ ಕೆಲಸಕ್ಕೆ ಹೋದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಮೊಬೈಲ್ ನೋಡಿದರೆ ಓದುಗರ ಸಂಖ್ಯೆ ನೂರ ನಲವತ್ತು ದಾಟಿದೆ. ಗಾಬರಿಯಾಗಿ, ವ್ರತಭಂಗ ಮಾಡಿ, ನನ್ನ ಕಂತನ್ನು ನಾನೇ ಓದಿದೆ. ಅಲ್ಲಿ ಹೀಗಿತ್ತು:

"ರಾಜನು ಗದ್ಗದಕಂಠನಾಗಿ ದೇವಿ ನಿನ್ನ ಎದೆಯ ಭಾರವನ್ನು ನನ್ನಲ್ಲಿ ಇಳಿಸಲಾರೆಯಾ ಎಂದನು ಒದ್ದೆ ಟವೆಲ್ಲು ಹಾಸಿಗೆ ಮೇಲೆ ಯಾರ್ರೀ ಹಾಕಿದ್ದು ಹಗ್ಗ ಕಟ್ಟಿರೋದು ಯಾತಕ್ಕೆ ನೀವು ನೇತಾಡೋದಕ್ಕಾ ಮಹಾರಾಣಿಯ ಮೌನವೇ ಸಾವಿರ ಮಾತುಗಳನ್ನಾಡಿತು."

ಕೈಯಲ್ಲಿದ್ದ ತುತ್ತು ಡಬ್ಬಿಗೇ ಬಿತ್ತು. ಕೂಡಲೇ ಅಳಿಸಿಬಿಡೋಣವೆಂದು ಬೆರಳು ಎತ್ತಿದವನು ಕೆಳಗಿನ ಪ್ರತಿಕ್ರಿಯೆಗಳನ್ನು ನೋಡಿ ತಡೆದೆ. 'ಇಪ್ಪತ್ತೇಳು ಕಂತು ಅದುಮಿಟ್ಟ ಸಿಟ್ಟನ್ನು ಒಂದು ಒದ್ದೆ ಟವೆಲ್ಲಿನಿಂದ ಹೊರಗೆ ತಂದಿದ್ದೀರಿ. ಇದು ಕಲೆ!' 'ವಿರಾಮಚಿಹ್ನೆ ಕಿತ್ತೊಗೆದ ಧೈರ್ಯಕ್ಕೆ ನಮಸ್ಕಾರ.' 'ಮೇಡಂ, ನಮ್ಮನೆಯಲ್ಲಿ ಕೂತು ಬರೆದಿರಾ?' ಕೊನೆಗೆ ಆ 'ನನ್ನ ಕಥೆಯನ್ನೂ ಓದಿ' ಮಹಾಶಯರು ಕೂಡ ತಮ್ಮ ಕಥೆಯನ್ನು ಮರೆತು 'ರಾಣಿ ಇನ್ನೂ ಬೈಯಲಿ' ಎಂದಿದ್ದರು. ನಾನು ಅಳಿಸಲಿಲ್ಲ. ಸಾಹಿತಿಗೆ ಪ್ರಾಮಾಣಿಕತೆ ಬೇಕು ನಿಜ, ಆದರೆ ಅದಕ್ಕೂ ಮೊದಲು ಓದುಗರು ಬೇಕು.

ಮರುದಿನ ಬೆಳಿಗ್ಗೆ ಇಪ್ಪತ್ತೊಂಬತ್ತನೆಯ ಕಂತಿಗೆ ಸಾಮಗ್ರಿ ಸಂಗ್ರಹಿಸಲು ಹೊರಟೆ. ಫ್ರಿಜ್ಜಿನ ಬಾಗಿಲು ತೆರೆದಿಟ್ಟೆ. ಬಚ್ಚಲಿನ ನಲ್ಲಿ ಬಿಟ್ಟೆ. ಟೂತ್‌ಪೇಸ್ಟನ್ನು ನಡುವಿನಲ್ಲಿ ಹಿಸುಕಿದೆ. ಹಾಲು ಉಕ್ಕುವುದನ್ನು ಕಣ್ಣಾರೆ ನೋಡುತ್ತ ನಿಂತೆ. ಮೊಬೈಲ್ ಜೇಬಿನಲ್ಲಿ ಕಿವಿ ತೆರೆದುಕೊಂಡಿತ್ತು.

"ಏನ್ರೀ, ಬೇಕು ಬೇಕು ಅಂತಲೇ ಮಾಡ್ತಿದ್ದೀರಾ?" ಎಂದಳು.

"ಛೆ ಛೆ, ಅಭ್ಯಾಸಬಲ ಕಣೇ."

"ನಿಮ್ಮ ಅಭ್ಯಾಸ ದಿನಕ್ಕೊಂದು ತಪ್ಪು. ಬೆಳಗಾಗೋಷ್ಟರಲ್ಲಿ ನಾಲ್ಕು ಮಾಡೋ ಸಾಮರ್ಥ್ಯ ಎಲ್ಲಿಂದ ಬಂತು?"

"ಇನ್ನೂ ಸ್ವಲ್ಪ ಬೈಯಬಹುದಿತ್ತು ನೀನು."

"ಏನಂದ್ರಿ?"

"ಏನಿಲ್ಲ, ತಪ್ಪಾಯ್ತು ಅಂದೆ."

ಅವಳು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿ ಡ್ಯೂಟಿಗೆ ಹೋದಳು. ಆ ಕಂತಿಗೆ ನಾನೂರ ಅರವತ್ತು ಓದುಗರು. ಚಿನ್ನದ ಲೇಖನಿಗೆ ಇನ್ನು ನಲವತ್ತೇ ಜನ ಬೇಕಿತ್ತು. ಬಳಗದ ಮೇಲ್ವಿಚಾರಕರೇ ಬರೆದು, ಭಾನುವಾರ ಬೆಳಿಗ್ಗೆ ಹತ್ತಕ್ಕೆ 'ಓದುಗರೊಂದಿಗೆ ನೇರ ಮಾತು' ಏರ್ಪಡಿಸಿದರು. ಮುಖ ಕಾಣುವುದಿಲ್ಲ, ಧ್ವನಿ ಮಾತ್ರ. ಹೆಂಡತಿಗೆ ಭಾನುವಾರ ಬೆಳಗಿನ ಪಾಳಿ ಇತ್ತಾದ್ದರಿಂದ ಧೈರ್ಯವಾಗಿ ಒಪ್ಪಿಕೊಂಡೆ.

ಭಾನುವಾರ ಇನ್ನೂರಕ್ಕೂ ಹೆಚ್ಚು ಜನ ಕಿವಿಗೊಟ್ಟು ಕುಳಿತಿದ್ದರು. ಲೇಖಕಿ ಎಂದುಕೊಂಡವರಿಗೆ ಗಂಡಸಿನ ದನಿ ಕೇಳಿ ಸ್ವಲ್ಪ ನಿರಾಸೆಯಾಗಿದ್ದು ತಿಳಿಯುತ್ತಿತ್ತು. ಒಬ್ಬ ಹೆಂಗಸು ಕೇಳಿದರು: "ಸರ್, ಮಹಾರಾಣಿಯ ಮಾತಿನ ಧಾಟಿ ನಿಮಗೆ ಹೇಗೆ ಸಿದ್ಧಿಸಿತು?"

ನಾನು ಗಂಟಲು ಸರಿಪಡಿಸಿಕೊಂಡೆ. "ನೋಡಿ, ಅದೊಂದು ತಪಸ್ಸು. ಪುರಾತನ ಅಂತಃಪುರಗಳ ಬಗ್ಗೆ ಮೂರು ವರ್ಷ ಅಧ್ಯಯನ ಮಾಡಿ, ಹೆಣ್ಣಿನ ಅಂತರಂಗದ ಆಳಕ್ಕಿಳಿದು..."

ನಾನು ಆಳದಲ್ಲಿರುವಾಗಲೇ ಮುಂಬಾಗಿಲು ತೆರೆಯಿತು. ಬಸ್ಸು ಕೆಟ್ಟು ನಿಂತು, ಪಾಳಿ ರದ್ದಾಗಿ, ಹೆಂಡತಿ ಮನೆಗೆ ಬಂದಿದ್ದಳು.

"ರೀ! ಚಪ್ಪಲೀನ ಬಾಗಿಲಿಗೆ ಅಡ್ಡ ಬಿಟ್ಟಿದ್ದೀರಲ್ಲ, ಬರೋರು ಹಾರ್ಕೊಂಡು ಬರ್ಬೇಕಾ? ಒಬ್ಬರೇ ಕೂತ್ಕೊಂಡು ಯಾರ ಹತ್ರ ಮಾತಾಡ್ತಿದ್ದೀರಿ? ಯಾರ ಆಳಕ್ಕಿಳಿದ್ರಿ?"

ಪ್ರಶ್ನೆ ಕೇಳಿದ ಹೆಂಗಸೇ ಮೊಬೈಲಿನೊಳಗಿಂದ ಕಿರುಚಿದರು: "ಅಯ್ಯೋ, ಮಹಾರಾಣಿ!" ಪರದೆಯ ಮೇಲೆ ಕೆಂಪು ಹೃದಯಗಳು ಹಿಂಡುಹಿಂಡಾಗಿ ಹಾರತೊಡಗಿದವು. ಯಾರೋ ಗಂಭೀರವಾಗಿ ಹೇಳಿದರು: "ಸರ್, ನೀವು ಸ್ವಲ್ಪ ಸರಿದು ಕೂತ್ಕೊಳ್ಳಿ. ಅವರಿಗೆ ಜಾಗ ಬಿಡಿ."

ಜಾಗ ಬಿಟ್ಟೆ. ಅವಳು ಮುಕ್ಕಾಲು ಗಂಟೆ ಮಾತಾಡಿದಳು.

ಅದು ಮುಗಿದ ಮೇಲೆ ಮೊಬೈಲ್ ಕಸಿದುಕೊಂಡು ಕಂತುಗಳನ್ನು ಓದಲು ಕೂತಳು. ಮೊದಲ ಇಪ್ಪತ್ತೇಳನ್ನು ಒಂದೇ ಬೆರಳಿನಲ್ಲಿ ಸರಕ್ಕನೆ ದಾಟಿಸಿ, ಕೊನೆಯ ಎರಡನ್ನು ನಿಧಾನವಾಗಿ ಓದಿದಳು. ನಾನು ಅಡುಗೆಮನೆಯಲ್ಲಿ, ಯಾರೂ ಹೇಳದೆ, ಪಾತ್ರೆ ತೊಳೆಯುತ್ತಿದ್ದೆ. ಮನೆಯ ಮಾತನ್ನು ಬೀದಿಗೆ ಹಾಕಿದವನಿಗೆ ಏನು ಶಿಕ್ಷೆ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

"ಇದೇನ್ರೀ ಇದು?"

"ತಪ್ಪಾಯ್ತು ಕಣೇ. ಈಗಲೇ ಅಳಿಸ್ತೀನಿ."

"ಅಳಿಸೋದೇನು? ಅರ್ಧಕ್ಕರ್ಧ ಬಿಟ್ಟಿದ್ದೀರಲ್ಲ! ಟವೆಲ್ ಆದ್ಮೇಲೆ ನಿಮ್ಮಕ್ಕನ ವಿಷಯ ಹೇಳಿದ್ನಲ್ಲ, ಅದೆಲ್ಲಿ?"

"ಮೊಬೈಲ್ ಅಷ್ಟು ಬೇಗ ಬರ್ಕೊಳ್ಳಲ್ಲ ಕಣೇ. ಅದಕ್ಕೂ ಉಸಿರು ಬೇಡ್ವಾ?"

"ನಿಮ್ಮ ಕೈಗೆ ಕೊಟ್ಟರೆ ಹೀಗೇ. ಇತ್ತ ಕೊಡಿ, ನಾನೇ ಹೇಳ್ತೀನಿ."

ಮೂವತ್ತನೆಯ ಕಂತನ್ನು ಅವಳೇ ಹೇಳಿದಳು. ಸಂಜೆಯೊಳಗೆ ಎರಡು ಸಾವಿರ ಓದುಗರು. ಚಿನ್ನದ ಲೇಖನಿ ಮೂಡಿತು. ಆದರೆ 'ಲೇಖನೀವೀರ' ಎಂಬ ಹೆಸರಿನ ಪಕ್ಕದಲ್ಲಲ್ಲ. ಅಲ್ಲಿ ಈಗ 'ಮಹಾರಾಣಿ' ಎಂದಿತ್ತು. ಓದುಗರ ಒತ್ತಾಯದ ಮೇರೆಗೆ ಹೆಸರು ಬದಲಿಸಲಾಗಿದೆಯೆಂದು ಮೇಲ್ವಿಚಾರಕರು ವಿನಯದಿಂದ ತಿಳಿಸಿದ್ದರು. ನನಗೆ ಅಸೂಯೆಯಾಯಿತು. ದೊಡ್ಡ ಮನಸ್ಸು ಮಾಡಿ ಸಂತೋಷಪಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಪಡಲಿಲ್ಲ.

ಕಥೆಯಲ್ಲಿ ಈಗ ರಾಜನಿಗೆ ಕೆಲಸವಿರಲಿಲ್ಲ. ಮೂಲೆಯಲ್ಲಿ ನಿಂತು ಆಗಾಗ 'ದೇವಿ' ಎನ್ನುತ್ತಿದ್ದ, ಅಷ್ಟೆ. ಅದೂ ಓದುಗರಿಗೆ ಕಿರಿಕಿರಿಯಾಯಿತು. ಹೆಂಡತಿ ಬಳಗದಲ್ಲಿ ಮತಕ್ಕೆ ಹಾಕಿದಳು: 'ರಾಜ ಮುಂದೆ ಬರಲಿ ಅಥವಾ ಇಲ್ಲೇ ಇಳಿಯಲಿ?' ಇಳಿಯಲಿ ಎಂದವರು ಸಾವಿರದ ಇನ್ನೂರು. ಬರಲಿ ಎಂದವರು ಒಬ್ಬರು.

"ಇದ್ಯಾರಪ್ಪ ಈ ಒಬ್ಬ?" ಎಂದಳು.

"ಯಾರೋ ಪಾಪದವರಿರಬೇಕು," ಎಂದೆ.

ಮರುದಿನ ಬೆಳಿಗ್ಗೆ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ ಅವಳು ರಾಜನನ್ನು ಇಳಿಸುವ ಕಂತನ್ನು ಹೇಳಿ ಮುಗಿಸಿದಳು. ರಥದ ಫುಟ್‌ಬೋರ್ಡಿನಲ್ಲಿ ನಿಂತ ರಾಜನಿಗೆ ಮಹಾರಾಣಿ 'ಒಳಗೆ ಬನ್ನಿ, ಒಳಗೆ ಜಾಗ ಇದೆ' ಎಂದು ಮೂರು ಸಲ ಹೇಳುತ್ತಾಳೆ. ಆತ ಭಾಷಣದಲ್ಲಿರುತ್ತಾನೆ. ತಿರುವು ಬರುತ್ತದೆ. ರಥ ಮುಂದೆ ಹೋಗುತ್ತದೆ.

"ಬಸ್ಸಿಗೆ ಹೊತ್ತಾಯ್ತು," ಎಂದು ಮೊಬೈಲನ್ನು ನನ್ನ ಕೈಗಿತ್ತಳು. "ಒಂದ್ಸಲ ತಿದ್ದಿ ಹಾಕ್ಬಿಡಿ. ನಿಮ್ಮ ಥರ ಓದದೆ ಹಾಕ್ಬೇಡಿ."

ಕೂತು ಓದಿದೆ. ಒಪ್ಪಿಕೊಳ್ಳಬೇಕು, ಚೆನ್ನಾಗಿತ್ತು. ಇಡೀ ಕಂತಿನಲ್ಲಿ ಒಂದೇ ತಪ್ಪು, ಅದೂ ತಲೆಬರಹದಲ್ಲಿ: 'ರಾಜನ ಧಾರುಣ ಅಂತ್ಯ'. ದಾರುಣಕ್ಕೆ ಮಹಾಪ್ರಾಣವಿಲ್ಲ. ಹೀಗಾಗಿ ರಾಜನ ಮಹಾಪ್ರಾಣವನ್ನು ನನ್ನ ಕೈಯಾರೆ ತೆಗೆದು ಬಳಗಕ್ಕೆ ಹಾಕಿದೆ.