ಗಿಳಿಗಳಿಗೆ ಕೇಳಿಸದ ಬಂದೂಕು

ಕೆಟ್ಟ ವಸ್ತುವನ್ನು ರಿಪೇರಿ ಮಾಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಬಗ್ಗೆ ನನಗೆ ಗೌರವವೂ ಇದೆ. ಆದರೆ ನೆಟ್ಟಗೆ ನಡೆಯುತ್ತಿರುವ ವಸ್ತುವನ್ನು ಇನ್ನೂ ನೆಟ್ಟಗೆ ನಡೆಸಬೇಕೆಂದು ಕೈಹಾಕುವವರ ಪಂಗಡವೇ ಬೇರೆ. ನಾನು ಆ ಪಂಗಡದವನು. ಸೈಕಲ್ಲು ಚೆನ್ನಾಗಿ ಓಡುತ್ತಿದೆ ಎಂದರೆ ನನ್ನ ಕೈ ಕಡಿಯತೊಡಗುತ್ತದೆ. ಈಗಲೇ ಇಷ್ಟು ಚೆನ್ನಾಗಿ ಓಡುವುದು ಬಿಚ್ಚಿ ಜೋಡಿಸಿದ ಮೇಲೆ ಹೇಗೆ ಓಡೀತು ಎಂಬ ಆಸೆ. ಮದುವೆಯಲ್ಲಿ ಉಡುಗೊರೆ ಬಂದ ಗೋಡೆ ಗಡಿಯಾರವನ್ನು ಹೀಗೆಯೇ ಒಂದು ಭಾನುವಾರ ಸುಧಾರಿಸಿದ್ದೆ. ಅಂದಿನಿಂದ ಅದು ತನಗೆ ಅನಿಸಿದಾಗ ಬಾರಿಸುತ್ತದೆ, ಅನಿಸಿದಷ್ಟು ಬಾರಿಸುತ್ತದೆ. ಮನೆಗೆ ಯಾವ ಹೊಸ ವಸ್ತು ಬಂದರೂ ನನ್ನ ಹೆಂಡತಿ ಕಸ್ತೂರಿ ಮೊದಲು ಅದಕ್ಕೆ ಕುಂಕುಮ ಹಚ್ಚುತ್ತಾಳೆ, ಆಮೇಲೆ ಸ್ಕ್ರೂಡ್ರೈವರನ್ನು ಬಚ್ಚಿಡುತ್ತಾಳೆ. ಏರ್‌ಗನ್ನು ಬಂದ ದಿನ ಮಾತ್ರ ಬಚ್ಚಿಡುವುದನ್ನು ಮರೆತಳು. ಪಾಪ, ಆ ದಿನಗಳಲ್ಲಿ ಅವಳ ತಲೆಯಲ್ಲಿ ದ್ರಾಕ್ಷಿ ಬಿಟ್ಟು ಬೇರೇನೂ ಇರಲಿಲ್ಲ.

ದ್ರಾಕ್ಷಿಯ ವಿಷಯ ಹೇಳದೆ ಬಂದೂಕಿನ ವಿಷಯ ತಿಳಿಯುವುದಿಲ್ಲ. ನಮ್ಮದು ರಾಯಬಾಗ ತಾಲೂಕಿನ ಅಲಖನೂರಿನ ಹತ್ತಿರ ಒಂದು ತೋಟದ ಮನೆ. ಅಜ್ಜನ ಕಾಲದಿಂದಲೂ ಕಬ್ಬು. ಕಬ್ಬಿನವರೆಂದರೆ ಒಂದು ರೀತಿಯಲ್ಲಿ ಸುಖಪುರುಷರು. ಬೆಳೆ ಎದೆಮಟ್ಟ ಬಂದಿತೆಂದರೆ ಆಮೇಲೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಲಾರಿಯ ದಾರಿ ಕಾಯುವುದಷ್ಟೇ ಕೆಲಸ. ಗುಬ್ಬಿ ಬಂದು ಕಬ್ಬು ತಿಂದು ಹೋಯಿತೆಂದು ನಮ್ಮ ವಂಶದಲ್ಲಿ ಯಾರೂ ದೂರಿದವರಿಲ್ಲ. ಆದರೆ ಕಸ್ತೂರಿ ಕಾಗವಾಡದ ಕಡೆಯ ದ್ರಾಕ್ಷಿಯವರ ಮನೆಯ ಮಗಳು. ಎಂಬತ್ತರ ದಶಕದ ಕೊನೆಯಲ್ಲಿ, ಬಾವಿಯ ಪಕ್ಕದ ಒಂದೆಕರೆ ಕಬ್ಬು ತೆಗೆದು ದ್ರಾಕ್ಷಿ ಹಚ್ಚೋಣವೆಂದು ಹಟ ಹಿಡಿದಳು. ನನ್ನ ಅವ್ವ ಬೇಡ ಅನ್ನಲಿಲ್ಲ. "ಹಚ್ಚವ್ವಾ, ನೋಡೂಣು" ಅಂದಳು. ಅತ್ತೆಯ ಬಾಯಿಂದ ಬಂದ "ನೋಡೂಣು" ಎಂಬ ಮಾತಿಗೆ ಎಷ್ಟು ತೂಕವಿರುತ್ತದೆಯೆಂಬುದು ಸೊಸೆಯಾದವಳಿಗೇ ಗೊತ್ತು. ಮೊದಲ ಫಸಲು ಗೊಂಚಲು ಗೊಂಚಲಾಗಿ ಇಳಿಬಿದ್ದು ಬಣ್ಣ ತಿರುಗುತ್ತಿದ್ದಾಗ ಒಂದು ಸಂಜೆ ಅವಳು ಬಳ್ಳಿಯ ಕೆಳಗೆ ನಿಂತು, "ಈ ಬೆಳಿ ಮನಿಗಿ ಬರಲಿಲ್ಲಂದ್ರ ನಾ ಅತ್ತಿ ಮುಂದ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?" ಅಂದಳು. ಕಣ್ಣಲ್ಲಿ ನೀರು ನಿಂತಿತ್ತು. ನನಗೆ ಬಹಳ ಸಂಕಟವಾಯಿತು. ನಮ್ಮ ತಲೆಯ ಮೇಲೆಯೇ ಒಂದು ಗಿಳಿ ಕೂತು ನಿಶ್ಚಿಂತೆಯಿಂದ ದ್ರಾಕ್ಷಿ ತಿನ್ನುತ್ತಿತ್ತು.

ಒಂದಲ್ಲ, ಹಿಂಡು ಹಿಂಡಾಗಿ ಬರುತ್ತಿದ್ದವು. ಗಿಳಿಗೆ ಒಂದು ಕೆಟ್ಟ ಚಟ. ಒಂದು ಗೊಂಚಲು ಹಿಡಿದು ಪೂರ್ತಿ ತಿಂದು ಹೋದರೆ ನಮ್ಮ ತಕರಾರು ಇರುತ್ತಿರಲಿಲ್ಲ. ಅದು ಪ್ರತಿ ಗೊಂಚಲಿನ ರುಚಿ ನೋಡಬೇಕು. ಹಕ್ಕಿ ಕಾಯಲು ಆಳುಗಳನ್ನು ಇಡೋಣವೆಂದರೆ ಅದು ಕಬ್ಬು ಕಡಿಯುವ ಹಂಗಾಮು, ಊರಿನ ಕೈಗಳೆಲ್ಲ ಕಬ್ಬಿನಲ್ಲಿದ್ದವು. ಆಗ ನಾನು ನಿಪ್ಪಾಣಿಗೆ ಹೋಗಿ ಒಂದು ಅಗ್ಗದ ಏರ್‌ಗನ್ನು ತಂದೆ. ಮನೆಯಲ್ಲಿ ಮಾಂಸದ ಮಾತೇ ಇಲ್ಲ, ಜೀವ ತೆಗೆಯುವುದಂತೂ ದೂರ. ಆದ್ದರಿಂದ ಅವ್ವನ ಕರಾರು ಮೊದಲೇ ಇತ್ತು, ಒಂದು ಹಕ್ಕಿಯೂ ಸಾಯಬಾರದು, ಬರೀ ಹೆದರಬೇಕು. ನಾನು ಬಳ್ಳಿಯ ಚಪ್ಪರದ ಕಲ್ಲುಕಂಬಕ್ಕೆ ಗುರಿಯಿಡುವುದು, ಗಿಳಿಗಳು ಹಾರುವುದು, ಹೀಗೆ ಒಪ್ಪಂದ.

ಬಂದೂಕು ಕೆಲಸ ಮಾಡಿತು. ಢಂ ಎಂದರೆ ಸಾಕು, ಗಿಳಿ, ಮೈನಾ, ಕಾಗೆ ಎಲ್ಲವೂ ಹಳ್ಳದ ಆಚೆ. ಅಗ್ಗದ ಬಂದೂಕಿಗೆ ಅಷ್ಟು ದೊಡ್ಡ ದನಿ ಎಲ್ಲಿಂದ ಬಂತೆಂದರೆ, ಸ್ಪ್ರಿಂಗು ಒಣಗಬಾರದೆಂದು ನಾನು ದಿನಾ ಅದರ ಬಾಯಿಗೆ ಶೇಂಗಾ ಎಣ್ಣೆ ಬಿಡುತ್ತಿದ್ದೆ. ಒಳಗಿನ ಬಿಸಿ ಗಾಳಿಗೆ ಆ ಎಣ್ಣೆ ಭಗ್ಗೆಂದು ಹತ್ತಿಕೊಂಡು ಸಪ್ಪಳವೂ ಆಗುತ್ತಿತ್ತು, ತುದಿಯಿಂದ ಹೊಗೆಯೂ ಬರುತ್ತಿತ್ತು, ಜೊತೆಗೆ ಭಜಿ ಕರಿದ ಘಮವೂ ಏಳುತ್ತಿತ್ತು. ದಾರಿಯಲ್ಲಿ ಹೋಗುವವರು ಮೂಗು ಅರಳಿಸಿ, "ಏನ ಇವತ್ತ ತೋಟದಾಗ ಕಾರ್ಯಕ್ರಮ?" ಎಂದು ವಿಚಾರಿಸಿ ಹೋಗುತ್ತಿದ್ದರು.

ಎರಡು ತೊಂದರೆಗಳು ಒಟ್ಟಿಗೇ ಬಂದವು. ಮೊದಲನೆಯದು ಎಮ್ಮೆ. ದ್ರಾಕ್ಷಿಗೆ ಗಿಳಿ ಬರುವ ಹೊತ್ತೂ ಎಮ್ಮೆ ಹಿಂಡುವ ಹೊತ್ತೂ ಒಂದೇ. ನಾನು ಢಂ ಅನಿಸಿದ ಕೂಡಲೇ ಅದು ಸೊರ ಏರಿಸಿಕೊಂಡು ಬಿಡುತ್ತಿತ್ತು. ಕಸ್ತೂರಿ ಖಾಲಿ ಚರಿಗೆ ಹಿಡಿದು ಬಂದು, "ಎಮ್ಮಿ ಹಾಲ ಬಿಡವಲ್ದ್ರಿ. ಒಂದ ಈ ಸಪ್ಪಳ ಬಂದ ಮಾಡ್ರಿ, ಇಲ್ಲಂದ್ರ ನಾಳಿಂದ ಕರಿ ಚಹಾ ಕುಡೀರಿ" ಅಂದಳು. ಎರಡನೆಯದು ಅವ್ವ. ಬಂದೂಕಿನ ಗುರಿ ಅಷ್ಟೊಂದು ನೆಟ್ಟಗಿರಲಿಲ್ಲ. ಕಂಬಕ್ಕೆ ಹೊಡೆದರೆ ಮೋಟಾರಿನ ತಗಡಿಗೆ ಬೀಳುತ್ತಿತ್ತು. ಒಂದು ಸಲ ಅವ್ವ ಕುಡಿಯಲು ಇಟ್ಟುಕೊಂಡ ಮಣ್ಣಿನ ಹೂಜಿಗೇ ಬಿತ್ತು. ಅವ್ವ ಸಿಟ್ಟಾಗಲಿಲ್ಲ. ಹೂಜಿಯ ಚೂರುಗಳನ್ನು ಆರಿಸುತ್ತ, "ನೀ ಎಲ್ಲಿ ಹೊಡೀತಿ ಅನ್ನೂದು ನಿನಗ ಗೊತ್ತಿಲ್ಲ, ಹಕ್ಕಿಗೂ ಗೊತ್ತಿಲ್ಲ. ತಪ್ಪಿಸ್ಕೊಳ್ಳೂದರ ಹೆಂಗ ಪಾಪ ಅದು?" ಎಂದು ಕೇಳಿದಳು. ಹಕ್ಕಿ ಸಾಯಬಾರದೆಂದರೆ ಬಂದೂಕಿನ ಗುರಿ ಕರಾರುವಾಕ್ಕಾಗಿರಬೇಕು. ಎಮ್ಮೆ ಹಾಲು ಕೊಡಬೇಕೆಂದರೆ ಬಂದೂಕು ಮೆತ್ತಗಾಗಬೇಕು. ನನಗೋ ಒಳಗೊಳಗೇ ಖುಷಿ. ನಡೆಯುತ್ತಿರುವ ವಸ್ತುವನ್ನು ಬಿಚ್ಚಲು ಮನೆಯವರೇ ಅಪ್ಪಣೆ ಕೊಟ್ಟದ್ದು ಅದೇ ಮೊದಲು.

ಬೋರಗಾಂವದಲ್ಲಿ ನನ್ನ ಗೆಳೆಯ ದತ್ತು ಇದ್ದ. ಪವರ್‌ಲೂಮ್ ಮಗ್ಗಗಳ ಫಿಟರ್. ಹುಟ್ಟಿದಾಗಿನಿಂದ ಮಗ್ಗಗಳ ಖಟಾಖಟಿಯ ನಡುವೆ ಬೆಳೆದು ಅವನ ಕಿವಿ ಅರ್ಧ ಹೋಗಿತ್ತು, ಬಾಯಿ ಮಾತ್ರ ಇಮ್ಮಡಿಯಾಗಿತ್ತು. ಅವನೊಡನೆ ಗುಟ್ಟಿನ ಮಾತಾಡುವುದೆಂದರೆ ಊರಿಗೆ ಡಂಗುರ ಸಾರಿದ ಹಾಗೆ. ಅಂಥವನ ಬಳಿ ಸಪ್ಪಳ ಕಡಿಮೆ ಮಾಡಿಸಲು ಹೋದದ್ದು ಸರಿಯೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಳ್ಳಬೇಕಿತ್ತು. ನಾನು ಅವನ ಅಂಗಳದಲ್ಲಿ ಬಂದೂಕು ಹಾರಿಸಿ ತೋರಿಸಿದೆ. ಪಕ್ಕದ ಮನೆಯ ಕೋಳಿಗಳು ಚೆಲ್ಲಾಪಿಲ್ಲಿಯಾದವು. ದತ್ತು ತಣ್ಣಗೆ, "ಇದಕ್ಕ ಸಪ್ಪಳ ಎಲ್ಲೈತಿ?" ಅಂದ. ಎಮ್ಮೆಯ ಕಥೆ ಕೂಗಿ ಹೇಳಿದ ಮೇಲೆ ಅವನ ಮುಖ ಗಂಭೀರವಾಯಿತು. "ಥಾಂಬ್ ರೇ, ತಡಿ ಸ್ವಲ್ಪ. ನಮ್ಮ ಮಗ್ಗಂತೂ ಈ ಜನ್ಮದಾಗ ಸುಮ್ಮ ಮಾಡಾಕ ಆಗಲಿಲ್ಲ. ಇದನ್ನರ ಸುಮ್ಮ ಮಾಡೂಣು" ಅಂದ. ಅವನ ದನಿಯಲ್ಲಿ ಒಂದು ಹಳೆಯ ಸೇಡು ಇತ್ತು.

ಆಮೇಲೆ ನಾವಿಬ್ಬರೂ ಕಳೆದ ದಿನಗಳಷ್ಟು ಸುಖದ ದಿನಗಳು ನನ್ನ ಬಾಳಿನಲ್ಲಿ ಕಡಿಮೆ. ಒಳಗಿನ ಎಣ್ಣೆಯನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ತೆಗೆದೆವು. ತೊಳೆದ ಎಣ್ಣೆಯ ವಾಸನೆಗೆ ದತ್ತುವಿನ ನಾಯಿ ಬಂದು ಕೂತಿತು. ಸ್ಪ್ರಿಂಗಿಗೆ ಗಾಡಿಯ ಗ್ರೀಸನ್ನು ಕೂದಲಿಗೆ ಎಣ್ಣೆ ಹಚ್ಚುವಷ್ಟು ಪ್ರೀತಿಯಿಂದ ತೆಳ್ಳಗೆ ಸವರಿದೆವು. ಗಾಳಿ ತಳ್ಳುವ ಪಿಸ್ಟನ್ನಿನ ಚರ್ಮದ ವಾಶರ್ ಸೀಳಿಹೋಗಿತ್ತು. ಒಳ್ಳೆಯ ಚರ್ಮ ಬೇಕು ಅಂದ ದತ್ತು. ಒಳ್ಳೆಯ ಚರ್ಮವೆಂದರೆ ನನ್ನ ಕಾಲಲ್ಲೇ ಇತ್ತು. ಅಥಣಿಯಲ್ಲಿ ಹೇಳಿ ಹೊಲಿಸಿದ ಚಪ್ಪಲಿ. ಒಂದು ಕ್ಷಣ ಯೋಚಿಸಿ, ಹಿಮ್ಮಡಿಯ ಕಡೆಯಿಂದ ಒಂದು ಬಿಲ್ಲೆ ಕತ್ತರಿಸಿಕೊಟ್ಟೆ. ಅಂದಿನಿಂದ ನಾನು ಎಡಕ್ಕೆ ಸ್ವಲ್ಪ ವಾಲಿ ನಡೆಯತೊಡಗಿದೆ, ಆದರೆ ಬಂದೂಕು ನೆಟ್ಟಗೆ ಹೊಡೆಯತೊಡಗಿತು. ಮರದ ಹಿಡಿಕೆಯ ಸಡಿಲ ತಿರುಪುಗಳನ್ನು ಬಿಗಿದು, ನಳಿಗೆ ಮಡಚುವ ಕೀಲಿನ ಅಲುಗಾಟ ತೆಗೆದು, ಗುರಿ ನೋಡುವ ಮೊನೆಯನ್ನು ಅರದಿಂದ ಕೂದಲೆಳೆಯಷ್ಟು ತೀಡಿದೆವು. ಬಂದೂಕಿನ ಸೀಸದ ಗುಂಡುಗಳನ್ನು, ಅಂದರೆ ಛರ್ರೆಗಳನ್ನು, ತಟ್ಟೆಯಲ್ಲಿ ಹರಡಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಸೊಟ್ಟಗಿದ್ದವನ್ನು ಆರಿಸಿ ತೆಗೆದೆವು. ಕೊನೆಗೆ ಒಮ್ಮೆ ಹಾರಿಸಿದಾಗ ಫುಸ್ ಎಂದು ಊದುಬತ್ತಿ ಆರಿಸಿದಷ್ಟೇ ಸದ್ದಾಯಿತು, ಗೋಡೆಯ ಮೇಲಿನ ಬಟಾಣಿ ಕಾಳು ಮಾಯವಾಯಿತು. ಪಕ್ಕದ ಮನೆಯ ಕೋಳಿ ಕಾಳು ಹೆಕ್ಕುವುದನ್ನು ನಿಲ್ಲಿಸಲಿಲ್ಲ. ದತ್ತುವಿನ ಕಣ್ಣು ತುಂಬಿತು. ನನ್ನದೂ ತುಂಬಿತು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಹಾರಿಸಿದೆ. ಎಮ್ಮೆ ಕಿವಿ ಕೂಡ ಅಲ್ಲಾಡಿಸಲಿಲ್ಲ. ಚರಿಗೆ ತುಂಬಿತು. ಅವ್ವನ ಮುಂದೆ ಕಂಬದ ಮೇಲೆ ಸುಣ್ಣದ ಚುಕ್ಕೆಯಿಟ್ಟು ಚುಕ್ಕೆಗೇ ಹೊಡೆದು ತೋರಿಸಿದೆ. "ಈಗ ಹಕ್ಕಿಗಿ ಭಯ ಇಲ್ಲ ಬಿಡು" ಎಂದು ಅವ್ವ ಸಮಾಧಾನದಿಂದ ಹೇಳಿದಳು. ಆ ಮಾತು ಎಷ್ಟು ನಿಜವೆಂದು ತಿಳಿದದ್ದು ತೋಟಕ್ಕೆ ಹೋದ ಮೇಲೆ. ಗಿಳಿಗಳು ಬಂದು ಕೂತವು. ನಾನು ಉಸಿರು ಬಿಗಿಹಿಡಿದು, ಒಂದು ದೊಡ್ಡ ಗಿಳಿಯ ಪಕ್ಕದ ಕಂಬಕ್ಕೆ ಹೊಡೆದೆ. ಫುಸ್. ಛರ್ರೆ ಕಂಬಕ್ಕೆ ಬಡಿದು ಟಿಕ್ ಎಂದು ಚೂರು ಕಲ್ಲುಪುಡಿ ಉದುರಿತು. ಗಿಳಿ ಕತ್ತು ತಿರುಗಿಸಿ ಕಂಬವನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ಆಮೇಲೆ ತಿನ್ನುವುದನ್ನು ಮುಂದುವರಿಸಿತು. ನಾನು ಇನ್ನೊಮ್ಮೆ ಹೊಡೆದೆ, ಅದೇ ಜಾಗಕ್ಕೆ, ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ. ಅಷ್ಟು ಚೆಂದದ ಗುರಿಯನ್ನು ಮೆಚ್ಚುವವರು ಅಲ್ಲಿ ಯಾರೂ ಇರಲಿಲ್ಲ. ಹಿಂದಿನಿಂದ ಕಸ್ತೂರಿ ಬಂದು ನಿಂತಿದ್ದಳು. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಉದುರಿದ ದ್ರಾಕ್ಷಿಗಳನ್ನು ಸೆರಗಿಗೆ ತುಂಬಿಕೊಳ್ಳುತ್ತ, "ಎಮ್ಮಿ ಉಳೀತು, ಗಿಳಿ ಉಳದುವು. ನನ್ನ ದ್ರಾಕ್ಷಿ ಅಷ್ಟ ಉಳೀಲಿಲ್ಲ ನೋಡ್ರಿ" ಅಂದು ಮನೆಗೆ ಹೋದಳು. ಅವತ್ತು ನನಗೆ ಊಟ ಸೇರಲಿಲ್ಲ.

ಸಂಜೆ ದತ್ತು ತನ್ನ ಕೈಚಳಕ ನೋಡಲು ಬಸ್ಸು ಹಿಡಿದು ಬಂದ. ತೋಟದಲ್ಲೇ ಕೂತು ತಪ್ಪು ಎಲ್ಲಾಯಿತೆಂದು ಚರ್ಚೆಗೆ ತೊಡಗಿದೆವು. ಅವನು ವಾಶರ್ ದಪ್ಪವಾಯಿತೆಂದ, ನಾನು ಗ್ರೀಸು ಹೆಚ್ಚಾಯಿತೆಂದೆ. "ಏ, ನಿಂಗೇನ ತಿಳೀತೈತಿ ಲೇ ಗ್ರೀಸಿಂದು?" ಅಂದ. ಅವನ ಅರ್ಧ ಕಿವಿಗೆ ಮುಟ್ಟಲೆಂದು ನಾನೂ ಎದ್ದು ನಿಂತು, ಕೈ ಬೀಸಿ, ಸ್ಪ್ರಿಂಗಿನ ಸುರುಳಿಯ ಶಾಸ್ತ್ರವನ್ನೆಲ್ಲ ಅವನಿಗೆ ಅರ್ಥ ಮಾಡಿಸಿದೆ. ಹೊತ್ತು ಮುಳುಗುವವರೆಗೂ ನಮ್ಮ ವಾದ ಮುಗಿಯಲಿಲ್ಲ. ಗಿಳಿಗಳು ಬಂದವೋ ಇಲ್ಲವೋ ನೋಡಲು ನಮಗೆ ಪುರುಸೊತ್ತಿರಲಿಲ್ಲ. ಕಸ್ತೂರಿ ಮಾತ್ರ ಕೊಟ್ಟಿಗೆಯಲ್ಲಿ ಹಾಲು ಹಿಂಡುವುದನ್ನು ನಿಲ್ಲಿಸಿ, ಒಮ್ಮೆ ಖಾಲಿ ಆಕಾಶ ನೋಡುತ್ತ, ಒಮ್ಮೆ ನಮ್ಮನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು.

ಮರುದಿನದಿಂದ ನನ್ನ ಸಂಸಾರದಲ್ಲಿ ಒಂದು ವಿಶೇಷ ನಡೆಯಿತು. ಮದುವೆಯಾದಂದಿನಿಂದ ನನ್ನ ಯಂತ್ರಗಳ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದ ಹೆಂಡತಿ ತಾನಾಗಿ ಬಂದು, "ರೀ, ಆ ಬಂದೂಕ ಹೆಂಗ ಸುಮ್ಮ ಮಾಡಿದ್ರಿ, ನನಗೂ ಒಂದೀಟ ಹೇಳ್ರಲಾ" ಅಂದಳು. ನನಗೆ ಎದೆ ತುಂಬಿ ಬಂತು. ಮನೆಯಲ್ಲಿ ಬೇಡ, ತೋಟದಲ್ಲೇ ಹೇಳಿ ಎಂದಳು. ನಾನು ಈ ತುದಿಯಲ್ಲಿ, ಅವಳು ಗೊಂಚಲಿನ ಎಲೆ ಸರಿಸುತ್ತ ಆ ತುದಿಯಲ್ಲಿ. "ಜೋರ ಹೇಳ್ರಿ, ಇಲ್ಲಿಮಟ ಕೇಳಸವಲ್ದು" ಎನ್ನುತ್ತಿದ್ದಳು. ನಾನು ವಾಶರ್ ಮುಗಿಸಿ ಸ್ಪ್ರಿಂಗಿಗೆ ಬರುವಾಗ, "ಈಗ ಸ್ವಲ್ಪ ಬಾವಿ ಕಡಿ ನಿಂತ ಹೇಳ್ರಿ" ಎನ್ನುತ್ತಿದ್ದಳು. ಅವಳ ಕುತೂಹಲಕ್ಕೂ ಹೊತ್ತು ಗೊತ್ತು ಇತ್ತು, ಬೆಳಿಗ್ಗೆ ಬಿಸಿಲೇರುವವರೆಗೆ ಮತ್ತು ಸಂಜೆ. ಮಧ್ಯಾಹ್ನ ನಾನಾಗಿ ಬಾಯಿ ತೆರೆದರೆ, "ಈಗ ದಣೀಬ್ಯಾಡ್ರಿ, ಸಂಜಿಗಿ ಹೇಳೀರಂತ" ಎಂದು ಮಜ್ಜಿಗೆ ಕೊಡುತ್ತಿದ್ದಳು. ಮನೆಗೆ ಬಂದ ನೆಂಟರನ್ನೂ ಬಿಡಲಿಲ್ಲ. "ಬಂದೂಕಿನ ಸುದ್ದಿ ಅವರ ಬಾಯಿಲೇನ ಕೇಳ್ರಿ" ಎಂದು ಚಹಾದ ಕಪ್ಪಿನೊಡನೆ ಎಲ್ಲರನ್ನೂ ತೋಟಕ್ಕೆ ಕಳಿಸಿದಳು. ದತ್ತುವಿಗೆ ಊಟಕ್ಕೆ ಹೇಳಿ ಕರೆಸಿದಳು. ಅವನು ಬಂದ ದಿನ ನಾವು ಪವರ್‌ಲೂಮನ್ನೂ ಸುಮ್ಮನಾಗಿಸುವ ಉಪಾಯ ಚರ್ಚಿಸಿದೆವು. ನನ್ನ ಹೆಸರು ಚಿಕ್ಕೋಡಿಯವರೆಗೂ ಹೋಗಿರಬೇಕೆಂದು ನನಗೆ ಅನಿಸತೊಡಗಿತು. ಗಂಟಲು ಕೂತರೆ ಅವಳೇ ಜ್ಯೇಷ್ಠಮಧು ಅರೆದು ಕೊಟ್ಟಳು. ಇಷ್ಟು ವರ್ಷ ಈ ಹೆಣ್ಣನ್ನು ನಾನು ಸರಿಯಾಗಿ ತಿಳಿದುಕೊಳ್ಳಲಿಲ್ಲವೇ ಎಂದು ಪಶ್ಚಾತ್ತಾಪವಾಯಿತು.

ದ್ರಾಕ್ಷಿ ಕೊಯ್ಲಾಯಿತು. ಗೊಂಚಲುಗಳು ಬುಟ್ಟಿಗಳಲ್ಲಿ ತುಂಬಿ ಪಡಸಾಲೆಗೆ ಬಂದವು. ಅವ್ವ ಕೋಲೂರಿಕೊಂಡು ಬಂದು ಪ್ರತಿ ಬುಟ್ಟಿಯ ಮುಂದೆ ನಿಂತು ನೋಡಿದಳು, ಒಂದು ಕಾಳು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. "ಚಲೋ ಬಂದಾವ. ಮುಂದಿನ ವರ್ಷ ಆ ಕಡಿ ಕಬ್ಬ ತಗದು ಅಲ್ಲೂ ಹಚ್ಚವ್ವಾ" ಅಂದಳು. ಕಸ್ತೂರಿ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಎದ್ದಾಗ ಅವಳ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. "ಅಷ್ಟ ಗಿಳಿ ಇದ್ದುವಲಾ, ಹೆಂಗ ಕಾದಿ?" ಎಂದು ಅವ್ವ ಕೇಳಿದಳು. "ನಾ ಎಲ್ಲಿ ಕಾದೇನ್ರಿ, ನಿಮ್ಮ ಮಗಾನ ಕಾದಾರು" ಅಂದಳು ಕಸ್ತೂರಿ. ನಾನು ವಿನಯದಿಂದ ತಲೆ ತಗ್ಗಿಸಿ, ಮೂಲೆಯಲ್ಲಿ ನಿಲ್ಲಿಸಿದ್ದ ಬಂದೂಕಿನ ಕಡೆ ನೋಡಿದೆ.

ಆ ಸಂಜೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ನನಗೆ ನೆನಪಾಯಿತು, ಛರ್ರೆ ಆರಿಸುವ ವಿಧಾನವನ್ನು ಅವಳಿಗೆ ಅರ್ಧ ಹೇಳಿ ಬಿಟ್ಟಿದ್ದೆ. ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡಿದೆ. ಕಸ್ತೂರಿ ನನ್ನ ಕೈಯಿಂದ ಖಾಲಿ ಕಪ್ಪು ತೆಗೆದುಕೊಂಡು, ಬಹಳ ಪ್ರೀತಿಯಿಂದಲೇ ಹೇಳಿದಳು: "ದ್ರಾಕ್ಷಿ ಮನಿಗಿ ಬಂದುವ್ರಿ. ಇನ್ನರ ಸುಮ್ಮ ಕುಂದರ್ರಿ."