ಅಳಿಯನ ಮೆಮೊರಿ ಕಾರ್ಡು

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಇನ್‌ಬೇಯ ಕ್ಯಾಮೆರಾ ಪರದೆಯ ಮೇಲೆ ‘ಕಾರ್ಡ್ ಓದಲಾಗುತ್ತಿಲ್ಲ’ ಎಂಬ ಸಾಲು ಮೂಡಿತು. ಮಗಳು ಆರಾಳ ಮೊದಲ ಹುಟ್ಟುಹಬ್ಬ ಅಂದೇ ಮಧ್ಯಾಹ್ನ ಹನ್ನೆರಡಕ್ಕೆ.

ಸ್ಟುಡಿಯೋದವರನ್ನು ಕರೆಸೋಣವೆಂದು ಹೆಂಡತಿ ಬೋರಮ್ ತಿಂಗಳ ಹಿಂದೆಯೇ ಹೇಳಿದ್ದಳು. “ನಾನಿಲ್ವಾ?” ಎಂದು ಎದೆ ತಟ್ಟಿಕೊಂಡವನು ಇನ್‌ಬೇ. ಮೊದಲ ಹುಟ್ಟುಹಬ್ಬದಂದು ವಾಡಿಕೆಯಂತೆ ಮಗುವಿನ ಮುಂದೆ ನೂಲುಂಡೆ, ಕುಂಚ, ನೋಟು, ಪುಸ್ತಕ ಹರವುತ್ತಾರೆ. ಅದು ಮೊದಲು ಎತ್ತಿಕೊಂಡದ್ದೇ ಅದರ ಮುಂದಿನ ಬಾಳು. ಆ ಗಳಿಗೆಯನ್ನು ಸೆರೆಹಿಡಿದು ಜೇಜು ದ್ವೀಪದಲ್ಲಿ ಹಾಸಿಗೆ ಹಿಡಿದಿರುವ ಮುತ್ತಜ್ಜಿಗೆ ಕಳಿಸಬೇಕಿತ್ತು.

“ರೀ, ಅದೊಂದು ತಪ್ಪಿಹೋದ್ರೆ ನಮ್ಮಮ್ಮನ ಕೈಯಿಂದ ನಿಮ್ಮನ್ನ ನಾನೂ ಬಿಡಿಸಲ್ಲ,” ಎಂದಳು ಬೋರಮ್, ಕಡಲಪಾಚಿಯ ಸಾರು ಕಲಕುತ್ತ.

ಇನ್‌ಬೇ ಮೆಟ್ಟಿಲಿಳಿದು ಓಡುವಾಗ ಕೆಳಮನೆಯ ಪ್ಯೋ ಮೇಷ್ಟ್ರು ಅಡ್ಡ ಸಿಕ್ಕರು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು; ಯಾರ ಮನೆಯ ಬಲ್ಬು ಉರಿಯದಿದ್ದರೂ ಕರೆಯದೆ ಬರುವವರು.

“ಕಾರ್ಡಾ? ಒಬ್ನೇ ಹೋಗ್ಬೇಡ ಕಣಪ್ಪಾ, ಟೋಪಿ ಹಾಕ್ಬಿಡ್ತಾರೆ.”

ಅಂಗಡಿಯಲ್ಲಿ ಇನ್‌ಬೇ ‘೨೦೦’ ಎಂದು ದೊಡ್ಡದಾಗಿ ಬರೆದ ಕಾರ್ಡಿಗೆ ಕೈ ಹಾಕಿದ. ಮೇಷ್ಟ್ರು ಅವನ ಕೈಗೆ ಪಟ್ಟನೆ ಹೊಡೆದರು.

“ಅದು ಓದೋ ವೇಗ! ನಿಂಗೆ ಬೇಕಿರೋದು ಬರೆಯೋ ವೇಗ. ಗಂಡಿನ ಕಡೆಯವರು ಹೇಳೋ ಸಂಬಳದ ಹಾಗೆ, ಜಾಸ್ತಿ ಇರೋದನ್ನೇ ದಪ್ಪಕ್ಷರದಲ್ಲಿ ಹಾಕಿರ್ತಾರೆ. ಮೂಲೇಲಿ ‘ವಿ’ ಅಂತ ಇದ್ಯಲ್ಲ, ಅದರ ಪಕ್ಕದ ಅಂಕಿ ನೋಡು. ಎಷ್ಟೇ ಸುಸ್ತಾದ್ರೂ ಅದಕ್ಕಿಂತ ನಿಧಾನ ಆಗಲ್ಲ ಅಂತ ಕೊಟ್ಟ ಮಾತು ಅದು.”

“ಹಾಗಾದ್ರೆ ಮೂವತ್ತರದ್ದು ಸಾಕಲ್ವಾ ಮೇಷ್ಟ್ರೇ?”

“ಅರವತ್ತರದ್ದೇ ತಗೋ. ಸೆಕೆಂಡಿಗೆ ನೂರಿಪ್ಪತ್ತು ಚಿತ್ರ ತೆಗೆಯೋಣ. ನಿಧಾನವಾಗಿ ಓಡಿಸಿದ್ರೆ ಮಗು ರೆಪ್ಪೆ ಬಡಿಯೋದೂ ಕಾಣ್ಬೇಕು.”

ಮನೆಗೆ ಬಂದ ಮೇಲೂ ಮೇಷ್ಟ್ರು ಬಿಡಲಿಲ್ಲ. ಕಾರ್ಡು ನಕಲಿಯೋ ಅಸಲಿಯೋ ಎಂದು ಅದರ ತುಂಬ ಏನೇನೋ ಬರೆಸಿ, ಎಲ್ಲವನ್ನೂ ಓದಿಸಿ ನೋಡಿದರು. ಒಂದಕ್ಷರವೂ ತಪ್ಪಿರಲಿಲ್ಲ.

“ಇದೇನಾದ್ರೂ ಕೈ ಕೊಟ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ,” ಎಂದರು.

ಹನ್ನೆರಡಕ್ಕೆ ನೆಂಟರು ಸೇರಿದರು. ಅಗಲ ತೋಳಿನ ರೇಷ್ಮೆ ಹನ್‌ಬೋಕ್ ಉಟ್ಟು ಬಂದ ಅತ್ತೆ, ನೂಲುಂಡೆಯನ್ನು ಪಕ್ಕಕ್ಕೆ ಸರಿಸಿ ನಡುವೆ ಒಂದು ಸ್ಟೆತಾಸ್ಕೋಪ್ ಇಟ್ಟರು.

“ನನ್ನ ಮಕ್ಕಳಂತೂ ಡಾಕ್ಟ್ರಾಗ್ಲಿಲ್ಲ,” ಎಂದು ಅಳಿಯನ ಕಡೆ ನೋಡಿ ನಿಟ್ಟುಸಿರಿಟ್ಟರು.

“ಯಾರೂ ಫೋನ್ ಎತ್ತಂಗಿಲ್ಲ! ಕ್ಯಾಮೆರಾಕ್ಕೆ ಅಡ್ಡ ಬರತ್ತೆ!” ಎಂದು ಮೇಷ್ಟ್ರು ಗದರಿದರು. ನೆಂಟರೆಲ್ಲ ಶಾಲೆಯ ಮಕ್ಕಳಂತೆ ಫೋನು ಜೇಬಿಗಿಳಿಸಿದರು.

ಮಗು ಕೈ ಚಾಚಿತು. ಅದರ ಟೋಪಿ ಸರಿಮಾಡಲು ಅತ್ತೆ ಬಗ್ಗಿದರು. ಮರುಕ್ಷಣ ಸ್ಟೆತಾಸ್ಕೋಪ್ ಆರಾಳ ಮುಷ್ಟಿಯಲ್ಲಿತ್ತು. ಚಪ್ಪಾಳೆಗೆ ಕಿಟಕಿ ಗಾಜು ನಡುಗಿತು. ಅತ್ತೆ ಕಣ್ಣೊರೆಸಿಕೊಂಡರು.

ಇನ್‌ಬೇ ಅಡುಗೆಮನೆಯ ಮೂಲೆಗೆ ಹೋಗಿ ದೃಶ್ಯವನ್ನು ನಿಧಾನವಾಗಿ ಓಡಿಸಿ ನೋಡಿದ. ಮಗುವಿನ ಕೈ ನೂಲುಂಡೆಯ ಮೇಲಿತ್ತು. ರೇಷ್ಮೆ ತೋಳಿನಿಂದ ಎರಡು ಬೆರಳು ಬಿಲದಿಂದ ಏಡಿ ಬಂದಂತೆ ಹೊರಬಂದವು, ಪುಟ್ಟ ಮಣಿಕಟ್ಟನ್ನು ತಿರುಗಿಸಿದವು, ರಬ್ಬರ್ ಕೊಳವೆಯನ್ನು ಅಂಗೈಗೆ ತುರುಕಿದವು, ಒಳಗೆ ಹೋದವು.

“ಅಳಿಯಂದ್ರೇ.”

ಹಿಂದೆ ಅತ್ತೆ ನಿಂತಿದ್ದರು.

“ಅಳಿಸಿ.”

“ಅತ್ತೆ, ಬೋರಮ್ ಕೇಳಿದ್ರೆ?”

“ಕಾರ್ಡು ಕೆಟ್ಟೋಯ್ತು ಅನ್ನಿ. ಬೈಸಿಕೊಳ್ಳೋದು ನಿಮಗೇನು ಹೊಸದಾ?”

ಇನ್‌ಬೇ ಅಳಿಸಿದ. ಹೊರಗೆ ಬಂದು ಕಾರ್ಡು ಕೆಟ್ಟಿತೆಂದು ಸಾರಿದ. ಬೋರಮ್ ಸಾರಿನ ಸೌಟು ಹಿಡಿದೇ ಎದ್ದು ನಿಂತಳು. ಆದರೆ ಅವಳಿಗಿಂತ ಹೆಚ್ಚು ಆಘಾತವಾದದ್ದು ಮೇಷ್ಟ್ರಿಗೆ.

“ಕೆಟ್ಟೋಯ್ತಾ? ನಾನು ಆರಿಸಿದ ಕಾರ್ಡಾ?”

“ಹೋಗ್ಲಿ ಬಿಡಿ ಮೇಷ್ಟ್ರೇ...”

“ಸುಮ್ನಿರಪ್ಪಾ! ಎಲ್ಲೋ ಕೈ ತಪ್ಪಿ ಅಳಿಸಿರ್ತೀಯ. ಅಳಿಸಿದ್ರೂ ಅದು ಎಲ್ಲಿಗೂ ಹೋಗಲ್ಲ. ಮೇಲೆ ಬೇರೆ ಏನಾದ್ರೂ ಬರೆಯೋವರೆಗೂ ಒಳಗೇ ಕೂತಿರತ್ತೆ.”

ಇನ್‌ಬೇ ಕ್ಯಾಮೆರಾ ಬೆನ್ನ ಹಿಂದೆ ಅಡಗಿಸಿದ; ಮೇಷ್ಟ್ರು ಅದರಿಂದ ಕಾರ್ಡು ಕಿತ್ತುಕೊಂಡರು. ಅತ್ತೆ ನೀರು ಕೇಳಿದರು. ಯಾರೂ ಕೊಡಲಿಲ್ಲ, ಎಲ್ಲರೂ ಮೇಷ್ಟ್ರು ಕೆಳಮನೆಯಿಂದ ತಂದ ಕಂಪ್ಯೂಟರಿನ ಸುತ್ತ ಇದ್ದರು.

ಕಾಲು ಗಂಟೆಯಲ್ಲಿ ದೃಶ್ಯ ಮರಳಿತು. ಮೇಷ್ಟ್ರು ಅದನ್ನು ಹಜಾರದ ದೊಡ್ಡ ಟಿವಿಯಲ್ಲಿ ಹಾಕಿ, ಟಿವಿಗೆ ಬೆನ್ನು ಹಾಕಿ ನೆಂಟರ ಮುಂದೆ ನಿಂತರು.

“ನೋಡಿ! ಹೇಗಿದೆ ಸ್ಪಷ್ಟತೆ!”

ಎರಡು ಬೆರಳು ಮೂಲಂಗಿ ಗಾತ್ರದಲ್ಲಿ ಟಿವಿಯ ತುಂಬ ಬಂದವು. ಅಕ್ಕಿ ಕಡುಬು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು.

“ಮಾತೇ ಹೊರಡ್ತಿಲ್ಲ ಅಲ್ವಾ? ಇನ್ನೂ ನಿಧಾನ ಮಾಡ್ತೀನಿ,” ಎಂದರು ಮೇಷ್ಟ್ರು ಹಿಗ್ಗಿ.

“ಅಮ್ಮಾ!” ಎಂದು ಕಿರುಚಿದಳು ಬೋರಮ್.

ಅತ್ತೆ ಅದೇ ರೇಷ್ಮೆ ತೋಳಿನಿಂದ ಕಣ್ಣೊತ್ತಿಕೊಂಡರು. “ನಂದೇನಿದೆ ತಾಯಿ? ಅಳಿಯಂದ್ರೇ ‘ಹೇಗಾದ್ರೂ ಮಾಡಿ ಸ್ಟೆತಾಸ್ಕೋಪೇ ಎತ್ತಿಸಿ ಅತ್ತೆ’ ಅಂತ ಕೈ ಮುಗಿದ್ರು. ಇಲ್ದಿದ್ರೆ ಅವರು ಇದನ್ನ ಯಾಕೆ ಅಳಿಸ್ತಿದ್ರು ಹೇಳು?”

ಎಲ್ಲರೂ ಇನ್‌ಬೇಯ ಕಡೆ ತಿರುಗಿದರು.

“ಅಳಿಸಿರೋದಂತೂ ನಿಜ,” ಎಂದರು ಮೇಷ್ಟ್ರು. “ಕಾರ್ಡಲ್ಲಿ ದೋಷ ಇಲ್ಲ.”

ಅಂದು ಸಂಜೆ ಇನ್‌ಬೇ, ಬೋರಮ್ ಬಾಗಿಲಾಚೆ ಎಸೆದ ಹಾಸಿಗೆ ಸುತ್ತಿಕೊಂಡು ಕೆಳಮನೆಗೆ ಇಳಿದ. ಪ್ಯೋ ಮೇಷ್ಟ್ರು ಅವನನ್ನು ಸೋಫಾದ ಮೇಲೆ ಕೂರಿಸಿ, ತಾವು ಬೆಟ್ಟ ಹತ್ತಿದಾಗ ತೆಗೆದ ನಾಲ್ಕು ಸಾವಿರ ಚಿತ್ರಗಳನ್ನು ಮೊದಲಿನಿಂದ ತೋರಿಸಿದರು.