ಈಜುಕೊಳದ ಜಗಳಕ್ಕೆ ಪುಚೊಂಗಿನ ತೀರ್ಪು

ಬಾಯಿ ಮುಚ್ಚಿಕೊಂಡು ಕೂರುವುದಕ್ಕೇ ಸಂಬಳ ಕೊಡುವ ಕೆಲಸ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿದೆ. ಅಮೆರಿಕದಲ್ಲಿ ಸುತ್ತ ಜೋಳದ ಹೊಲಗಳಿರುವ ಒಂದು ಪುಟ್ಟ ಊರಿದೆ. ಹೆಸರಿಗೆ ನಗರ, ನಾವಿರುವ ಮಲೇಷ್ಯಾದ ಪುಚೊಂಗಿನ ಕಾಂಡೋ ಕಟ್ಟಡದ ಮನೆಗಳವರೆಲ್ಲ ಒಟ್ಟಿಗೆ ಹೋಗಿ ನಿಂತರೆ ಅಲ್ಲಿ ಜಾತ್ರೆಯಾದೀತು. ಅದರ ನಗರಸಭೆಯ ಕಲಾಪವನ್ನು ಇಂಟರ್‌ನೆಟ್ಟಿನಲ್ಲಿ ಬಿತ್ತರಿಸುವುದು ನನ್ನ ಕೆಲಸ. ಅವರಿಗೆ ಸಂಜೆಯಾದಾಗ ಇಲ್ಲಿ ನಮಗೆ ಬೆಳಗಿನ ಉಪ್ಪಿಟ್ಟಿನ ಹೊತ್ತು. ಹಾಗಾಗಿ ಊಟದ ಮೇಜೇ ನನ್ನ ಕಚೇರಿ. ನನ್ನ ಹೆಂಡತಿ ಸುಧಾ ಅಡುಗೆಮನೆಯಲ್ಲಿ ನಿಂತೇ ಆ ಸಭೆಯನ್ನು ಧಾರಾವಾಹಿಯಂತೆ ನೋಡುತ್ತಾಳೆ. ಯಾವ ಸದಸ್ಯರಿಗೆ ಯಾರ ಮೇಲೆ ಮುನಿಸು ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಆ ದಿನ ಊರಿಗಿರುವ ಒಂದೇ ಈಜುಕೊಳದ ಮೇಲೆ ಜಗಳ. ಮಕ್ಕಳು ನೀರೆರಚುತ್ತವೆ ಎಂದು ಹಿರಿಯರು, ಹಿರಿಯರು ಕೊಳವಿಡೀ ತೇಲಿಕೊಂಡು ಜಾಗ ಬಿಡುವುದಿಲ್ಲ ಎಂದು ತಾಯಂದಿರು. ಮೇಯರಮ್ಮ ರೋಸಿಹೋದರು. "ಈ ಬೇಸಿಗೆಗೆ ಕೊಳಕ್ಕೆ ಬೀಗ ಹಾಕಿಬಿಡೋಣ. ಒಪ್ಪುವವರು ಕೈ ಎತ್ತಿ" ಎಂದರು. ಹಿಂದಿನ ಸಾಲಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಅಳತೊಡಗಿದಳು.

ಸುಧಾ ಸೌಟು ಹಿಡಿದೇ ಓಡಿ ಬಂದಳು. "ಅಯ್ಯೋ, ಇವರಿಗೇನ್ ಬಂತು! ಕೂಗಾಡ್ತಿರೋ ಆ ಬಿಳಿ ಮೀಸೆ ಮೆಂಬರ್‌ನ ನೋಡ್ರೀ. ಅಳ್ತಿರೋದು ಅವರ ಮೊಮ್ಮಗಳೇ. ಹೋದ ಮೀಟಿಂಗಲ್ಲಿ ಅವರ ತೊಡೆ ಮೇಲೆ ನಿದ್ದೆ ಮಾಡಿತ್ತು. ಬೆಳಗ್ಗೆ ಮುದುಕ್ರಿಗೆ ಬಿಡ್ಲಿ, ಮಧ್ಯಾಹ್ನ ಮಕ್ಕಳಿಗೆ. ಸಂಜೆ ಮೊಮ್ಮಕ್ಕಳನ್ನ ಕರ್ಕೊಂಡ್ ಬಂದ್ರೆ ಮಾತ್ರ ಅಜ್ಜ-ಅಜ್ಜೀರಿಗೆ ಎಂಟ್ರಿ. ನಮ್ ಕಾಂಡೋದಲ್ಲಿ ಹಾಗೇ ಮಾಡಿದ್ವಲ್ಲ, ಸಿಂಪಲ್ ಲಾ!" ಎಂದಳು, ಮಲೇಷ್ಯಾದವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಪರದೆಯ ಮೇಲಿದ್ದವರೆಲ್ಲ ನಮ್ಮತ್ತಲೇ ನೋಡುತ್ತಿದ್ದರು. ನನ್ನ ಮೈಕು ಆನ್ ಆಗಿತ್ತು! ಕೆಲಸ ಹೋಯಿತು ಎಂದುಕೊಂಡೆ. ಮೈಸೂರಿಗೆ ಮರಳಿ ಮಾವನವರಿಗೆ ಏನೆಂದು ಹೇಳಲಿ ಎನ್ನುವವರೆಗೂ ಯೋಚನೆ ಓಡಿತು.

"ಆ ಹೆಂಗಸು ಏನಂದರು?" ಎಂದು ಮೇಯರಮ್ಮ ಕೇಳಿದರು.

ಇವಳು ನನ್ನ ಹೆಂಡತಿ ಸುಧಾ ಎಂದು ಪರಿಚಯಿಸಿ, ಅವಳು ಹೇಳಿದ್ದೆಲ್ಲವನ್ನೂ ಇಂಗ್ಲಿಷಿಗೆ ತಂದೆ. 'ಮುದುಕರು' ಎಂಬುದನ್ನು ಮಾತ್ರ 'ಹಿರಿಯ ನಾಗರಿಕರು' ಎಂದು ತಿದ್ದಿದೆ. ಬಿಳಿ ಮೀಸೆಯ ಸದಸ್ಯರು ಹಿಂದೆ ತಿರುಗಿ ನೋಡಿದರು. ಎದ್ದು ಹೋಗಿ ಮೊಮ್ಮಗಳನ್ನು ಎತ್ತಿಕೊಂಡು ಬಂದರು. "ಈ ಸಲಹೆಗೆ ನನ್ನ ಒಪ್ಪಿಗೆ" ಎಂದು ಮೊದಲು ಕೈ ಎತ್ತಿದವರೂ ಅವರೇ. ಉಳಿದ ಕೈಗಳೂ ಮೇಲೆದ್ದವು. ಕೊಳ ಉಳಿಯಿತು! ಅಲ್ಲಿ ಚಪ್ಪಾಳೆಯೋ ಚಪ್ಪಾಳೆ. ಇಲ್ಲಿ ಸುಧಾ ಸೌಟೆತ್ತಿ ಇಡೀ ಊರಿಗೇ ನಮಸ್ಕಾರ ಮಾಡಿದಳು. ಉಪ್ಪಿಟ್ಟು ತಳ ಹಿಡಿದಿತ್ತು. ಇಬ್ಬರೂ ಹಬ್ಬದೂಟದಂತೆ ತಿಂದೆವು.

ಮುಂದಿನ ಸಭೆಗೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ ಕುಳಿತೆ. ಎಷ್ಟಾದರೂ ಅನುವಾದ ನನ್ನದಲ್ಲವೇ?

"ಸುಧಾ ಇದ್ದಾರಾ?" ಮೇಯರಮ್ಮನ ಮೊದಲ ಮಾತು.

"ಇಲ್ಲ, ಗೆಳತಿಯರ ಜೊತೆ ಇಲ್ಲಿನ ಮಾಮಕ್ ಹೋಟೆಲಿಗೆ ತಿಂಡಿ ತಿನ್ನಲು ಹೋಗಿದ್ದಾಳೆ. ನಾನಿದ್ದೇನಲ್ಲ!"

ಸದಸ್ಯರು ಮುಖ ಮುಖ ನೋಡಿಕೊಂಡರು. ಅಂದು ನಡೆಯಬೇಕಿದ್ದ ಬೀದಿದೀಪದ ಚರ್ಚೆಯನ್ನು ಮುಂದಿನ ಸಭೆಗೆ ಹಾಕಿದರು.